ಪಕ್ಕದ ಸೀಟು ಖಾಲಿ: ವಿಮಾನ ಕಲಿಯುವವರ ಮೊದಲ ಒಂಟಿ ಹಾರಾಟ

ತಲೆಯ ಮೇಲೆ ಸಣ್ಣ ವಿಮಾನವೊಂದು ಸದ್ದು ಮಾಡುತ್ತಾ ಹೋದರೆ ಹೊಲದಲ್ಲಿ ಕಳೆ ತೆಗೆಯುವವರೂ ಒಮ್ಮೆ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡುತ್ತೇವೆ. ಮಕ್ಕಳಂತೂ ಅದು ಗುಡ್ಡದ ಹಿಂದೆ ಮರೆಯಾಗುವವರೆಗೆ ಕಣ್ಣು ಕೀಳುವುದಿಲ್ಲ. ಅದರೊಳಗೆ ಎಷ್ಟು ಜನ ಇರಬಹುದು? ಐವತ್ತು? ಇಪ್ಪತ್ತು? ತರಬೇತಿ ಶಾಲೆಯ ವಿಮಾನವಾದರೆ ಸಾಮಾನ್ಯವಾಗಿ ಇಬ್ಬರು. ಕೆಲವು ಸಲ ಒಬ್ಬರೇ. ಅದೂ ಹದಿನೆಂಟರ ಆಸುಪಾಸಿನ ಒಬ್ಬ ಹುಡುಗ ಅಥವಾ ಹುಡುಗಿ, ಇನ್ನೂ ಕಲಿಯುತ್ತಿರುವವರು!

ಕಲಿಯುವವರ ಕೈಗೆ ವಿಮಾನ ಕೊಟ್ಟು ಕಲಿಸುವವರು ಕೆಳಗೆ ನಿಂತು ನೋಡುವುದಾ? ಹೌದು, ಅದೇ ಪದ್ಧತಿ. ಅದನ್ನು ‘ಸೋಲೋ’ ಎನ್ನುತ್ತಾರೆ. ಪೈಲಟ್ ಆಗುವ ದಾರಿಯಲ್ಲಿ ಈ ಹೊಸಿಲು ದಾಟದೆ ಯಾರೂ ಮುಂದಕ್ಕೆ ಹೋಗುವಂತಿಲ್ಲ. ಗಡಿಯಂಚಿನ ನಮ್ಮ ಊರುಗಳಲ್ಲೂ ಪ್ಲಸ್ ಟೂ ಮುಗಿಸಿ ‘ಪೈಲಟ್ ಆಗ್ತೀನಿ’ ಅನ್ನುವ ಮಕ್ಕಳಿದ್ದಾರೆ. ಅವರಿಗೂ, ಅವರ ಮಾತು ಕೇಳಿ ಎದೆ ಝಲ್ಲೆನ್ನುವ ಅಪ್ಪ ಅಮ್ಮಂದಿರಿಗೂ ಸೋಲೋ ಎಂದರೇನು, ಅಲ್ಲಿ ಏನಾಗುತ್ತದೆ ಎಂದು ತಿಳಿದಿದ್ದರೆ ಒಳ್ಳೆಯದು.

ಭೋಗಾಪುರದ ನೆನಪು

ಎದೆ ಝಲ್ಲೆನ್ನಲು ಕಾರಣವೂ ಇದೆ. 2023ರ ಜೂನ್ 1ರಂದು ನಮ್ಮ ಪಕ್ಕದ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಯಲಿಗೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದ ಇಬ್ಬರೂ ಪೈಲಟ್‌ಗಳು ಪ್ಯಾರಾಚೂಟ್‌ನಲ್ಲಿ ಹೊರಗೆ ಹಾರಿ ಬದುಕಿದರು. ಅದಕ್ಕೆ ಎರಡು ದಿನ ಮೊದಲು, ಮೇ 30ರಂದು, ಬೆಳಗಾವಿ ಹತ್ತಿರ ಸಣ್ಣ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು. ಅಲ್ಲೂ ಇಬ್ಬರು ಬದುಕಿದರು.

ಇವೆರಡೂ ಒಂದೇ ಬಗೆಯ ವಿಮಾನಗಳಲ್ಲ. ಕಿರಣ್ ಜೆಟ್ ವಿಮಾನ, ಸೈನ್ಯದ್ದು, ಬಹಳ ವೇಗದ್ದು. ಅದರ ಸೀಟೇ ಪೈಲಟ್ಟನ್ನು ಹೊರಕ್ಕೆ ಎಸೆಯುತ್ತದೆ. ನಾಗರಿಕ ತರಬೇತಿ ಶಾಲೆಗಳಲ್ಲಿ ಇರುವುದು ಸೆಸ್ನಾದಂಥ, ಮುಂದೆ ಒಂದು ಫ್ಯಾನು ತಿರುಗುವ ಎರಡು ಅಥವಾ ನಾಲ್ಕು ಸೀಟಿನ ವಿಮಾನ. ಅದರಲ್ಲಿ ಸೀಟು ಹಾರುವುದಿಲ್ಲ. ಆದರೆ ಅದು ನಿಧಾನದ್ದು, ಹಗುರದ್ದು, ಎಂಜಿನ್ ನಿಂತರೂ ತೇಲಿಕೊಂಡು ಇಳಿಯುವಂಥದ್ದು. ನಮ್ಮ ಮಕ್ಕಳು ಶಾಲೆಗೆ ಸೇರಿದರೆ ಮೊದಲು ಕೂರುವುದು ಇಂಥದ್ದರಲ್ಲೇ.

ಸೋಲೋ ಎಂದರೆ ಇಷ್ಟೇ

ನಮ್ಮ ದೇಶದಲ್ಲಿ ವಿಮಾನ ಕಲಿಯುವವರಿಗೆ ಮೊದಲು ಬೇಕಾದದ್ದು ವಿದ್ಯಾರ್ಥಿ ಪೈಲಟ್ ಲೈಸೆನ್ಸ್, ಚಿಕ್ಕದಾಗಿ ಎಸ್‌ಪಿಎಲ್. ಇದಕ್ಕೆ 16 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಗೆದ್ದಿರಬೇಕು. ಮೋಟಾರು ಗಾಡಿಗೆ ಎಲ್‌ಎಲ್‌ಆರ್ ಇದ್ದಂತೆ ಇದು. ಎಸ್‌ಪಿಎಲ್ ಇರುವವರು ಶಿಕ್ಷಕರ ಒಪ್ಪಿಗೆ ಮತ್ತು ನಿಗಾದಲ್ಲಿ ಮಾತ್ರ ಹಾರಬಹುದು. ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಗೆಳೆಯನನ್ನೂ ಇಲ್ಲ, ಅಪ್ಪನನ್ನೂ ಇಲ್ಲ. ದೇಶದ ಗಡಿ ದಾಟುವಂತಿಲ್ಲ.

ಮೊದಲು ಶಿಕ್ಷಕರು ಪಕ್ಕದ ಸೀಟಿನಲ್ಲಿ ಕೂತು ಕಲಿಸುತ್ತಾರೆ. ಇಬ್ಬರ ಮುಂದೆಯೂ ಒಂದೊಂದು ಚುಕ್ಕಾಣಿ, ಇಬ್ಬರ ಕಾಲಡಿಯೂ ಪೆಡಲ್. ಹುಡುಗನ ಕೈ ತಪ್ಪಿದರೆ ಮೇಷ್ಟ್ರ ಕೈ ತಿದ್ದುತ್ತದೆ. ಹೀಗೆ ಒಂದಷ್ಟು ಗಂಟೆ ಕಳೆದ ಮೇಲೆ ಒಂದು ದಿನ ಮೇಷ್ಟ್ರು ಬಾಗಿಲು ತೆಗೆದು ಇಳಿದುಬಿಡುತ್ತಾರೆ. ‘ಒಂದು ಸುತ್ತು ಹಾಕಿ ಬಾ’ ಎನ್ನುತ್ತಾರೆ. ಅದೇ ಮೊದಲ ಸೋಲೋ.

ನಾವೆಲ್ಲ ಸೈಕಲ್ ಕಲಿತದ್ದು ಹೀಗೇ ಅಲ್ಲವೇ? ಹಿಂದೆ ಅಣ್ಣ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದ. ‘ಬಿಡಬೇಡ ಅಣ್ಣ, ಬಿಡಬೇಡ’ ಎಂದು ಕೂಗುತ್ತಿದ್ದೆವು. ತಿರುಗಿ ನೋಡಿದರೆ ಅಣ್ಣ ಯಾವಾಗಲೋ ಬಿಟ್ಟು ದೂರದಲ್ಲಿ ನಗುತ್ತಾ ನಿಂತಿರುತ್ತಿದ್ದ. ವ್ಯತ್ಯಾಸ ಒಂದೇ. ಸೈಕಲ್ ಬಿದ್ದರೆ ಮಂಡಿ ತರಚುತ್ತದೆ. ಇಲ್ಲಿ ಬೀಳುವಂತಿಲ್ಲ. ಹಾಗಾಗಿ ಇಲ್ಲಿ ಅಣ್ಣ ಕೈ ಬಿಡುವ ಮೊದಲು ಬಹಳ ಲೆಕ್ಕ ಹಾಕುತ್ತಾನೆ.

ಮೇಷ್ಟ್ರು ಇಳಿಯುವ ಮುನ್ನ

ಎಷ್ಟು ಗಂಟೆ ಕಲಿತ ಮೇಲೆ ಸೋಲೋ? ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಭಾರತದಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಲಿಗ ಜೆ.ಆರ್.ಡಿ. ಟಾಟಾ. ಅವರಿಗೆ 1929ರ ಫೆಬ್ರವರಿ 10ರಂದು ಒಂದನೇ ನಂಬರಿನ ಲೈಸೆನ್ಸ್ ಸಿಕ್ಕಿತು. ಅವರು ಬರೀ ಮೂರೂವರೆ ಗಂಟೆ ಕಲಿತು ಒಬ್ಬರೇ ಹಾರಿದರಂತೆ. ಅಂದಿನ ಆಕಾಶ ಖಾಲಿ, ವಿಮಾನ ಸರಳ, ರೇಡಿಯೊ ಇಲ್ಲ. ಈಗ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಗಂಟೆ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ತಡವಾದವರು ದಡ್ಡರೆಂದಲ್ಲ. ಮಳೆ ಗಾಳಿಯಿಂದ ನಡುವೆ ವಾರಗಟ್ಟಲೆ ಪಾಠ ನಿಂತುಹೋದರೆ ಕಲಿತ ಕೈ ಮತ್ತೆ ಮಂದವಾಗುತ್ತದೆ.

ಈ ಗಂಟೆಗಳಲ್ಲಿ ಕಲಿಸುವುದು ಏನು? ಹಾರಿಸುವುದು ಒಂದು ಪಾಲು. ಕೆಟ್ಟದ್ದು ಆದಾಗ ಏನು ಮಾಡಬೇಕು ಎಂಬುದು ಇನ್ನೊಂದು ಪಾಲು. ವೇಗ ತೀರಾ ಇಳಿದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ‘ಸ್ಟಾಲ್’ ಎನ್ನುತ್ತಾರೆ. ಅದನ್ನು ಬೇಕೆಂದೇ ಎತ್ತರದಲ್ಲಿ ಮಾಡಿಸಿ, ಮೂತಿ ಕೆಳಗಿಳಿಸಿ ವೇಗ ಗಳಿಸಿಕೊಂಡು ಸರಿಪಡಿಸುವುದನ್ನು ಮತ್ತೆ ಮತ್ತೆ ಹೇಳಿಕೊಡುತ್ತಾರೆ. ಎಂಜಿನ್ ನಿಂತಂತೆ ನಟಿಸಿ ಇಳಿಯುವ ಜಾಗ ಹುಡುಕಿಸುತ್ತಾರೆ. ಇಳಿಯುವಾಗ ಸರಿ ಕಾಣದಿದ್ದರೆ ಪೂರ್ತಿ ಎಂಜಿನ್ ಕೊಟ್ಟು ಮತ್ತೆ ಮೇಲೇಳುವುದನ್ನು ಕಲಿಸುತ್ತಾರೆ. ಇದಕ್ಕೆ ‘ಗೋ ಅರೌಂಡ್’ ಎಂದು ಹೆಸರು. ಎಷ್ಟೋ ವಿದ್ಯಾರ್ಥಿಗಳ ಜೀವ ಉಳಿಸುವ ಪಾಠ ಇದೇ.

ಮೇಷ್ಟ್ರು ನೋಡುವುದು ಒಂದು ಒಳ್ಳೆಯ ಲ್ಯಾಂಡಿಂಗನ್ನಲ್ಲ. ಒಳ್ಳೆಯ ಲ್ಯಾಂಡಿಂಗ್ ಅದೃಷ್ಟದಿಂದಲೂ ಆಗಬಹುದು. ಕೆಟ್ಟದಾಗಿ ಬರುತ್ತಿರುವ ಲ್ಯಾಂಡಿಂಗನ್ನು ಹುಡುಗಿ ತಾನೇ ಗುರುತಿಸಿ, ಯಾರೂ ಹೇಳದೆ ಬಿಟ್ಟುಕೊಟ್ಟು ಮೇಲೇಳುತ್ತಾಳಾ? ಸತತ ಮೂರು ನಾಲ್ಕು ಸುತ್ತು ತನ್ನ ಬಾಯಿಗೂ ಕೈಗೂ ಕೆಲಸವೇ ಬೀಳಲಿಲ್ಲವಾ? ಹಾಗಾದರೆ ಮೇಷ್ಟ್ರಿಗೆ ತಾನು ಆ ಸೀಟಿನಲ್ಲಿ ಬರೀ ಭಾರ ಎಂದು ಗೊತ್ತಾಗುತ್ತದೆ. ಬಹಳ ಕಡೆ ಇನ್ನೊಬ್ಬ ಹಿರಿಯ ಶಿಕ್ಷಕರೂ ಒಮ್ಮೆ ಜೊತೆಗೆ ಹಾರಿ ಪರೀಕ್ಷಿಸುತ್ತಾರೆ. ಆಮೇಲೆಯೇ ಬಾಗಿಲು ತೆರೆಯುವುದು.

ದಿನವನ್ನು ಮೊದಲೇ ಹೇಳದಿರುವ ಮೇಷ್ಟ್ರುಗಳೂ ಉಂಟು. ‘ನಾಳೆ ನಿನ್ನ ಸೋಲೋ’ ಎಂದರೆ ಹುಡುಗರು ರಾತ್ರಿಯೆಲ್ಲಾ ನಿದ್ದೆಗೆಟ್ಟು ಬರುತ್ತಾರೆ. ನಿದ್ದೆಗೆಟ್ಟ ಪೈಲಟ್ಟಿಗಿಂತ ಆಶ್ಚರ್ಯಪಟ್ಟ ಪೈಲಟ್ಟೇ ವಾಸಿ!

ಆ ಆರೇಳು ನಿಮಿಷ

ಮೊದಲ ಸೋಲೋ ಸಾಮಾನ್ಯವಾಗಿ ಒಂದೇ ಸುತ್ತು. ರನ್‌ವೇಯಿಂದ ಎದ್ದು, ಆಯತಾಕಾರದ ದಾರಿಯಲ್ಲಿ ತಿರುಗಿ, ಮತ್ತೆ ಅದೇ ರನ್‌ವೇಗೆ ಇಳಿಯುವುದು. ಇದಕ್ಕೆ ‘ಸರ್ಕ್ಯೂಟ್’ ಎನ್ನುತ್ತಾರೆ. ನೆಲದಿಂದ ಸುಮಾರು ಸಾವಿರ ಅಡಿ ಎತ್ತರ. ಒಟ್ಟು ಆರೇಳು ನಿಮಿಷದ ಕೆಲಸ. ದಿಂಬಂ ಘಾಟಿಯಲ್ಲಿ ಎದುರಿನ ಲಾರಿಗೆ ದಾರಿ ಬಿಟ್ಟು ಕಾಯುವಷ್ಟು ಹೊತ್ತೂ ಅಲ್ಲ. ಆದರೆ ಹಾರಿದವರು ಮುದುಕರಾದರೂ ಅದನ್ನು ಮರೆಯುವುದಿಲ್ಲ.

ವಿದ್ಯಾರ್ಥಿ ಮೊದಲು ಪಟ್ಟಿ ಓದುತ್ತಾ ಒಂದೊಂದನ್ನೇ ಪರೀಕ್ಷಿಸುತ್ತಾನೆ. ಇಂಧನ, ಎಣ್ಣೆಯ ಒತ್ತಡ, ಚುಕ್ಕಾಣಿ ಸರಾಗವಾಗಿ ತಿರುಗುತ್ತದಾ, ಪಕ್ಕದ ಬಾಗಿಲು ಭದ್ರವಾ, ಖಾಲಿ ಸೀಟಿನ ಬೆಲ್ಟ್ ಬಿಗಿದಿದೆಯಾ? ಈ ಕೊನೆಯದನ್ನು ಮೇಷ್ಟ್ರೇ ಇಳಿಯುವಾಗ ಬಿಗಿದು ಹೋಗುತ್ತಾರೆ. ಸಡಿಲ ಬೆಲ್ಟ್ ಚುಕ್ಕಾಣಿಗೆ ಸಿಕ್ಕಿಕೊಳ್ಳಬಾರದಲ್ಲ. ನಂತರ ಕಂಟ್ರೋಲ್ ಟವರಿನ ಅನುಮತಿ. ಥ್ರಾಟಲ್ ಮುಂದಕ್ಕೆ.

ಆಗ ಮೊದಲ ಆಶ್ಚರ್ಯ. ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ! ಯಾಕೆ? ಎರಡು ಸೀಟಿನ ಸೆಸ್ನಾ 152 ತುಂಬಿದಾಗ ಅದರ ಒಟ್ಟು ತೂಕ ಹೆಚ್ಚೆಂದರೆ 757 ಕಿಲೋ. ಮೇಷ್ಟ್ರು 75 ಕಿಲೋ ಇದ್ದರೆ ತೂಕದ ಹತ್ತನೇ ಒಂದು ಪಾಲು ಇಳಿದುಹೋದಂತೆ. ನಾಲ್ಕು ಸೀಟಿನ ಸೆಸ್ನಾ 172 ಇನ್ನೂ ಭಾರದ್ದು, ಅದರಲ್ಲಿ ವ್ಯತ್ಯಾಸ ಕಡಿಮೆ, ಆದರೂ ಗೊತ್ತಾಗುತ್ತದೆ. ವಿಮಾನ ಬೇಗ ಏರುತ್ತದೆ, ಇಳಿಯುವಾಗ ರನ್‌ವೇ ಮೇಲೆ ಹೆಚ್ಚು ಹೊತ್ತು ತೇಲುತ್ತದೆ. ಒಳ್ಳೆಯ ಮೇಷ್ಟ್ರು ಇದನ್ನು ಮುಂಚೆಯೇ ಹೇಳಿರುತ್ತಾರೆ.

ನಮ್ಮ ಕಡೆಯ ಎತ್ತರದ ನೆಲದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಲು ಏರಿದರೆ ಇನ್ನೂ ತೆಳು. ಮಧ್ಯಾಹ್ನ 30 ಡಿಗ್ರಿ ಬಿಸಿಲಿದ್ದರೆ ವಿಮಾನದ ಪಾಲಿಗೆ ಆ ನಿಲ್ದಾಣ ಸುಮಾರು 4,800 ಅಡಿ ಎತ್ತರದಲ್ಲಿದ್ದಂತೆ. ಎಂಜಿನ್ ಸೊರಗುತ್ತದೆ, ನೆಲ ಬಿಡಲು ಹೆಚ್ಚು ಓಡಬೇಕು. ಬೆಳಗಿನ ಹೊತ್ತು ಗಾಳಿ ತಂಪು, ಗಟ್ಟಿ, ಅಲುಗಾಟ ಕಡಿಮೆ. ಮೊದಲ ಸೋಲೋಗೆ ಬೆಳಗಿನ ಹೊತ್ತು ಹಿತವೆನ್ನುವುದು ಅದಕ್ಕೇ.

ಎರಡನೇ ಆಶ್ಚರ್ಯ, ಮೌನ. ಎಂಜಿನ್ ಸದ್ದು ಇದ್ದೇ ಇರುತ್ತದೆ, ಆದರೆ ‘ವೇಗ ನೋಡು’, ‘ಬಲಗಾಲು ಒತ್ತು’ ಎಂದು ಗದರುವ ದನಿ ಇಲ್ಲ. ಪಕ್ಕಕ್ಕೆ ತಿರುಗಿದರೆ ಖಾಲಿ ಸೀಟು. ಸೋಲೋ ಮಾಡಿದವರು ಅನೇಕರು ಹೇಳುವುದು ಒಂದೇ: ಆ ಖಾಲಿ ಸೀಟು ನೋಡಿದಾಗಲೇ, ಇನ್ನು ಇದನ್ನು ಕೆಳಗಿಳಿಸುವವರು ತಾವೊಬ್ಬರೇ ಎಂದು ನಿಜವಾಗಿ ತಿಳಿದದ್ದು. ಕೆಲವರು ಜೋರಾಗಿ ಹಾಡು ಹೇಳಿಕೊಳ್ಳುತ್ತಾರಂತೆ. ಕೆಲವರು ಮೇಷ್ಟ್ರ ಬೈಗುಳವನ್ನೇ ತಾವು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ!

ಇಳಿಯುವಾಗ ಯೋಚನೆಗೆ ಪುರುಸೊತ್ತಿಲ್ಲ. ಸೆಸ್ನಾ 172 ಆದರೆ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗ ಹಿಡಿದು, ರನ್‌ವೇ ಹತ್ತಿರವಾದಾಗ ಎಂಜಿನ್ ತಗ್ಗಿಸಿ, ಮೂತಿ ಮೆಲ್ಲಗೆ ಎತ್ತಿ, ಹಿಂದಿನ ಎರಡು ಚಕ್ರ ಮೊದಲು ನೆಲ ಮುಟ್ಟುವಂತೆ ಇಳಿಸಬೇಕು. ಟೈರು ಕಿರ್ ಎಂದಾಗ ತಡೆದಿದ್ದ ಉಸಿರು ಹೊರಗೆ ಬರುತ್ತದೆ. ಕೆಳಗೆ ಗೆಳೆಯರು ಬಕೆಟ್ಟುಗಟ್ಟಲೆ ನೀರು ಹಿಡಿದು ಕಾಯುತ್ತಿರುತ್ತಾರೆ. ತಲೆಯ ಮೇಲೆ ನೀರು ಸುರಿಯುವುದು ಎಷ್ಟೋ ಶಾಲೆಗಳ ಸಂಪ್ರದಾಯ. ಅಮೆರಿಕದಲ್ಲಿ ಅಂಗಿಯ ಹಿಂಭಾಗ ಕತ್ತರಿಸುತ್ತಾರೆ. ಹಳೆಯ ವಿಮಾನಗಳಲ್ಲಿ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು ಹುಡುಗನ ಅಂಗಿ ಎಳೆದು ಪಾಠ ಹೇಳುತ್ತಿದ್ದರಂತೆ. ಇನ್ನು ಎಳೆಯುವ ಅಗತ್ಯವಿಲ್ಲ ಎಂದು ಅದರ ಅರ್ಥ.

ನಿಜವಾದ ಪರೀಕ್ಷೆ ಆಮೇಲೆ

ಮೊದಲ ಸೋಲೋ ಮುಗಿಸಿದವರಿಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಆದರೆ ಹೆಚ್ಚು ಎಚ್ಚರ ಬೇಕಾದದ್ದು ಎರಡನೆಯ, ಐದನೆಯ, ಹತ್ತನೆಯ ಸೋಲೋದಲ್ಲಿ. ಮೊದಲ ದಿನ ಹೆದರಿಕೆ ಕಾಪಾಡುತ್ತದೆ. ಹತ್ತನೇ ದಿನ ‘ನನಗೆ ಬರುತ್ತದೆ’ ಎಂಬ ಭಾವನೆ ಬಂದಿರುತ್ತದೆ. ಚಕ್ರ ನೆಲಕ್ಕೆ ತಾಗಿ ವಿಮಾನ ಚೆಂಡಿನಂತೆ ಪುಟಿದಾಗ ಅದನ್ನು ಬಲವಂತವಾಗಿ ನೆಲಕ್ಕೆ ಒತ್ತಲು ಹೋಗಿ ಮುಂದಿನ ಚಕ್ರ ಮುರಿದುಕೊಳ್ಳುವುದು ಈ ಹಂತದಲ್ಲೇ. ಮಾಡಬೇಕಾದದ್ದು ಗೋ ಅರೌಂಡ್. ಮರ್ಯಾದೆ ಹೋಗುತ್ತದೆ ಎಂದುಕೊಂಡರೆ ವಿಮಾನವೂ ಹೋಗುತ್ತದೆ.

ಸರ್ಕ್ಯೂಟ್ ಪಳಗಿದ ಮೇಲೆ ನಿಲ್ದಾಣದ ಸುತ್ತಲ ಪ್ರದೇಶದಲ್ಲಿ ಒಂಟಿ ಅಭ್ಯಾಸ. ಆಮೇಲೆ ‘ಕ್ರಾಸ್ ಕಂಟ್ರಿ’, ಅಂದರೆ ಒಬ್ಬರೇ ಬೇರೆ ಊರಿಗೆ ಹಾರಿ ಹೋಗಿ ಬರುವುದು. ಇಲ್ಲಿ ಹೆದರಿಕೆ ಲ್ಯಾಂಡಿಂಗಿನದಲ್ಲ, ದಾರಿ ತಪ್ಪುವುದರದು.

ನಮಗೆ ಗೊತ್ತಿರುವ ಜಾಗದಲ್ಲೇ ಒಂದು ಲೆಕ್ಕ ಹಾಕೋಣ, ಕಾಗದದ ಮೇಲೆ ಮಾತ್ರ. ಮಂಡಕಳ್ಳಿಯಿಂದ ತಾಳವಾಡಿಗೆ ಕಾಗೆ ಹಾರಿದ ದಾರಿಯಲ್ಲಿ 60 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಗಂಟೆಗೆ 185 ಕಿಲೋಮೀಟರ್ ಹೋಗುವ ವಿಮಾನಕ್ಕೆ 20 ನಿಮಿಷ. ದಿಕ್ಕು ಆಗ್ನೇಯ. ಈಗ ನೈಋತ್ಯದಿಂದ ಗಂಟೆಗೆ 18 ಕಿಲೋಮೀಟರಿನ ಗಾಳಿ ಬೀಸುತ್ತಿದೆ ಎಂದುಕೊಳ್ಳಿ. ಅದು ಜೋರು ಗಾಳಿಯೇನಲ್ಲ, ಮಳೆಗಾಲದಲ್ಲಿ ನಾವು ಲೆಕ್ಕಕ್ಕೇ ಇಡದ ಗಾಳಿ. ವಿದ್ಯಾರ್ಥಿ ಅದನ್ನು ಮರೆತು ಮೂತಿಯನ್ನು ನೇರ ತಾಳವಾಡಿಯತ್ತಲೇ ಇಟ್ಟರೆ 20 ನಿಮಿಷದಲ್ಲಿ ವಿಮಾನ 6 ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಯಾವ ಪಕ್ಕಕ್ಕೆ? ಈಶಾನ್ಯಕ್ಕೆ, ಅಂದರೆ ಬಿಳಿಗಿರಿರಂಗನ ಬೆಟ್ಟಗಳ ಕಡೆಗೆ. ಆ ಸಾಲಿನಲ್ಲಿ 1,800 ಮೀಟರ್ ಮುಟ್ಟುವ ಶಿಖರವಿದೆ. ಮೋಡ ಕವಿದ ದಿನವಾದರೆ ಮುಂದಿನದು ಹೇಳಬೇಕಾಗಿಲ್ಲ.

ಇದನ್ನು ತಪ್ಪಿಸಲು ಹೊರಡುವ ಮುನ್ನವೇ ಗಾಳಿಯ ಲೆಕ್ಕ ಹಾಕಿ ಮೂತಿಯನ್ನು ಎಷ್ಟು ಡಿಗ್ರಿ ಗಾಳಿಯ ಕಡೆ ತಿರುಗಿಸಬೇಕೆಂದು ಬರೆದಿಟ್ಟುಕೊಳ್ಳುತ್ತಾರೆ. ದಾರಿಯಲ್ಲಿ ಗುರುತು ಹಿಡಿಯುತ್ತಾರೆ. ಚಾಮುಂಡಿ ಬೆಟ್ಟ ಹಿಂದೆ ಸರಿಯಿತಾ? ಕಪಿಲೆಯ ದಂಡೆಯ ನಂಜನಗೂಡು ಸಿಕ್ಕಿತಾ? ಸುವರ್ಣಾವತಿ ಜಲಾಶಯದ ನೀರು ಇರಬೇಕಾದ ಕಡೆಯೇ ಕಾಣುತ್ತಿದೆಯಾ? ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಸಿಗಬೇಕಾದ ಗುರುತು ಸಿಗದಿದ್ದರೆ ಮುಂದೆ ಹುಡುಕುತ್ತಾ ಹೋಗಬಾರದು. ರೇಡಿಯೊದಲ್ಲಿ ‘ದಾರಿ ತಪ್ಪಿದ್ದೇನೆ’ ಎಂದು ಹೇಳಬೇಕು. ಈಗ ಜಿಪಿಎಸ್ ಇದೆ ನಿಜ. ಅದು ಕೆಟ್ಟ ದಿನಕ್ಕೆ ಕಣ್ಣೂ ಗಡಿಯಾರವೂ ಬೇಕು.

ಎಂಜಿನ್ ನಿಂತರೆ?

ಅಪ್ಪ ಅಮ್ಮ ಮೊದಲು ಕೇಳುವ ಪ್ರಶ್ನೆ ಇದೇ. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತದೆ. ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ಸಾವಿರ ಅಡಿ ಎತ್ತರದಲ್ಲಿದ್ದರೆ ಗಾಳಿಯಿಲ್ಲದ ದಿನ ಎರಡೂವರೆ ಕಿಲೋಮೀಟರ್ ದಾಟಬಹುದು. ಅಷ್ಟರೊಳಗೆ ಬಯಲು ಹುಡುಕಬೇಕು. ಹಾಗಾಗಿ ವಿದ್ಯಾರ್ಥಿಯ ಕಣ್ಣು ಸದಾ ಕೆಳಗೆ ಹೊಲ ಹುಡುಕುತ್ತಿರುತ್ತದೆ. ಬಾಳೆ ತೋಟ ಬೇಡ, ಕೊಯ್ಲಾದ ರಾಗಿ ಹೊಲ ಆಗಬಹುದು, ವಿದ್ಯುತ್ ತಂತಿ ಇದೆಯಾ, ಗಾಳಿ ಯಾವ ಕಡೆಯಿಂದ? ಸೋಲೋಗೆ ಬಿಡುವ ಮೊದಲು ಇದನ್ನು ಕೈಗೆ ರೂಢಿ ಮಾಡಿಸಿರುತ್ತಾರೆ. ಅಪಾಯ ಸೊನ್ನೆ ಎಂದು ಯಾರೂ ಹೇಳಲಾರರು. ಆದರೆ ಕುರುಡು ಧೈರ್ಯದಿಂದ ಹುಡುಗನನ್ನು ಮೇಲಕ್ಕೆ ಕಳಿಸುವುದಿಲ್ಲ ಎಂದು ಹೇಳಬಹುದು.

ಇಂಗ್ಲಿಷ್ ಬರುತ್ತಾ?

ಗಡಿಯ ಮಕ್ಕಳನ್ನು ಎಂಜಿನ್ನಿಗಿಂತ ಹೆಚ್ಚು ಹೆದರಿಸುವುದು ಇದು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ಮೂರೂ ಅರ್ಧರ್ಧ ಎಂದು ನಮ್ಮನ್ನು ನಾವೇ ಕೀಳಾಗಿ ಕಾಣುತ್ತೇವೆ. ಆಕಾಶದಲ್ಲಿ ಇಂಗ್ಲಿಷ್ ಬೇಕೇಬೇಕು, ನಿಜ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಒಂದು ವಿಮಾನದ ಸಿಬ್ಬಂದಿಯ ಇಂಗ್ಲಿಷ್ ತೊಡಕೂ ಆಗ ಚರ್ಚೆಗೆ ಬಂತು. ಇಂಥ ದುರಂತಗಳ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2003ರಲ್ಲಿ ಭಾಷಾ ನಿಯಮ ತಂದಿತು. ಅದು 2008ರಿಂದ ಜಾರಿಗೆ ಬಂತು. ಆರು ಮೆಟ್ಟಿಲಿನ ಅಳತೆಯಲ್ಲಿ ಕನಿಷ್ಠ ನಾಲ್ಕನೆಯದು ಮುಟ್ಟಬೇಕು.

ಆದರೆ ಆ ನಾಲ್ಕನೆಯ ಮೆಟ್ಟಿಲಿನ ವಿವರಣೆ ಓದಿದರೆ ಸಮಾಧಾನವಾಗುತ್ತದೆ. ತಾಯ್ನುಡಿಯ ಛಾಯೆ ಉಚ್ಚಾರದಲ್ಲಿ ಇರಬಹುದು, ಅದು ಅರ್ಥವಾಗುವುದಕ್ಕೆ ಪದೇ ಪದೇ ಅಡ್ಡ ಬರಬಾರದು ಅಷ್ಟೆ. ರೇಡಿಯೊದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಗೊತ್ತಾದ ಕೆಲವು ನೂರು ಪದ, ಗೊತ್ತಾದ ಜೋಡಣೆ. ಒಂಬತ್ತಕ್ಕೆ ‘ನೈನರ್’, ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’ ಎನ್ನುವುದೇ ಅಲ್ಲಿನ ಸರಿಯಾದ ಉಚ್ಚಾರ! ನಮ್ಮ ವಿಮಾನಗಳ ನಂಬರು ವಿ.ಟಿ. ಎಂದು ಶುರುವಾಗುತ್ತದೆ, ಅದನ್ನು ‘ವಿಕ್ಟರ್ ಟ್ಯಾಂಗೊ’ ಎನ್ನಬೇಕು. ಟವರ್ ಕೊಟ್ಟ ಅನುಮತಿಯನ್ನು ಹಾಗೆಯೇ ತಿರುಗಿ ಒಪ್ಪಿಸಬೇಕು. ಅರ್ಥವಾಗದಿದ್ದರೆ ‘ಸೇ ಅಗೈನ್’ ಎನ್ನಬೇಕು. ಅಲ್ಲಿ ತಪ್ಪು ಎಂದರೆ ವ್ಯಾಕರಣ ಎಡವುವುದಲ್ಲ, ಅರ್ಥವಾಗದೆ ‘ಸರಿ’ ಎನ್ನುವುದು. ಸಂತೆಯಲ್ಲಿ ಒಂದೇ ಉಸಿರಿಗೆ ಎರಡು ಭಾಷೆ ಆಡುವ ನಮ್ಮ ಮಕ್ಕಳಿಗೆ ಮೂರನೆಯದರ ಕೆಲವು ನೂರು ಪದ ಬೆಟ್ಟವೇನಲ್ಲ.

ಜಕ್ಕೂರಿನ ಹಳೆಯ ಕಥೆ

ಗಡಿಯ ಎರಡೂ ಕಡೆಗೆ ಸೇರಿದ ಒಂದು ಕಥೆ ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದದ್ದು 1948ರಲ್ಲಿ, ಇನ್ನೂ ಮೈಸೂರು ಸಂಸ್ಥಾನದ ಕಾಲ. ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ಮುಖ್ಯರು ಮೈಸೂರು ಮಹಾರಾಜರ ಪೈಲಟ್ ಆಗಿದ್ದ ಮದರಾಸಿನ ಕ್ಯಾಪ್ಟನ್ ವಿ. ಸುಂದರಂ. ಅವರ ಹೆಂಡತಿ ಉಷಾ ಸುಂದರಂ ಅದೇ ಶಾಲೆಯಲ್ಲಿ ಕಲಿತು 1949ರಲ್ಲಿ ಪೈಲಟ್ ಆದರು. ಸ್ವತಂತ್ರ ಭಾರತದ ಮೊದಲ ಮಹಿಳಾ ಪೈಲಟ್ ಎಂದು ಅವರನ್ನು ಕರೆಯುತ್ತಾರೆ. ಅದಕ್ಕೂ ಮೊದಲು, 1936ರಲ್ಲಿ, ಲಾಹೋರಿನಲ್ಲಿ ಸರಳಾ ಠಕ್ರಾಲ್ 21ನೇ ವಯಸ್ಸಿಗೆ ಸೀರೆಯುಟ್ಟು ಸೋಲೋ ಮಾಡಿದ್ದರು.

ಉಷಾ ಗಂಡನ ಪಕ್ಕದಲ್ಲಿ ಸಹ ಪೈಲಟ್ ಆಗಿ ಮಹಾರಾಜರ ಡಕೋಟಾ ಹಾರಿಸಿದರು. ನೆಹರೂ, ಪಟೇಲರಂಥವರು ಆ ವಿಮಾನದಲ್ಲಿ ಪ್ರಯಾಣ ಮಾಡಿದರು. 1950ರ ದಶಕದ ಆರಂಭದಲ್ಲಿ ಮದರಾಸು ಸರ್ಕಾರ ಕೊಂಡ ಡವ್ ವಿಮಾನವನ್ನು ದಂಪತಿ ಲಂಡನ್ನಿನಿಂದ ಮುಂಬಯಿಗೆ 27 ಗಂಟೆಯಲ್ಲಿ ತಂದು ದಾಖಲೆ ಮಾಡಿದರು. ಮದರಾಸಿನ ಹೆಣ್ಣುಮಗಳು ಮೈಸೂರು ನೆಲದಲ್ಲಿ ಹಾರಲು ಕಲಿತಾಗ ಅವರ ಮನೆಮಾತು ಯಾವುದೆಂದು ವಿಮಾನ ಕೇಳಲಿಲ್ಲ.

ಜಮೀನು ಮಾರುವ ಮುನ್ನ

ಕೊನೆಯದಾಗಿ, ಮನೆಯ ಮಟ್ಟಿಗೆ ಬಹಳ ಮುಖ್ಯವಾದ ಮಾತು. ಸೋಲೋ ಮಾಡಿದರೆ ಕೆಲಸ ಸಿಕ್ಕಂತಲ್ಲ. ಸಂಬಳಕ್ಕೆ ಹಾರಿಸಲು ಕಮರ್ಷಿಯಲ್ ಲೈಸೆನ್ಸ್ ಬೇಕು. ಅದಕ್ಕೆ 18 ವರ್ಷ, ಒಟ್ಟು 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ತಾವೇ ಹೊತ್ತು ಹಾರಿರಬೇಕು. ಒಂದು ಯಾನ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್ ಇರಬೇಕು, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದಿರಬೇಕು. ರಾತ್ರಿ ಹಾರಾಟ ಬೇರೆ. ವಾಯು ನಿಯಮ, ದಾರಿ ಲೆಕ್ಕ, ಹವಾಮಾನ ಮುಂತಾದ ಪತ್ರಿಕೆಗಳಲ್ಲಿ ನೂರಕ್ಕೆ 70 ಬರಬೇಕು. ಪ್ಲಸ್ ಟೂನಲ್ಲಿ ಭೌತಶಾಸ್ತ್ರ, ಗಣಿತ ಇರಬೇಕೆಂಬುದು ಬಹುಕಾಲದ ನಿಯಮ. ಅದನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಸುದ್ದಿಯಾಯಿತು. ಆದರೂ ಮಕ್ಕಳು ಈ ಎರಡು ವಿಷಯ ಬಿಡದಿರುವುದೇ ಕ್ಷೇಮ.

ಖರ್ಚು 40-50 ಲಕ್ಷ ಮೀರುವುದು ಸಾಮಾನ್ಯ. ಹಾಗಾಗಿ ಕ್ರಮ ಹೀಗಿರಲಿ. ಮೊದಲು ವೈದ್ಯಕೀಯ ಪರೀಕ್ಷೆ. ಎಸ್‌ಪಿಎಲ್‌ಗೆ ಎರಡನೇ ದರ್ಜೆಯದು ಸಾಕು, ಆದರೆ ಕಮರ್ಷಿಯಲ್‌ಗೆ ಬೇಕಾದ ಒಂದನೇ ದರ್ಜೆಯದನ್ನೂ ಶುಲ್ಕ ಕಟ್ಟುವ ಮುನ್ನವೇ ಮಾಡಿಸಿಕೊಳ್ಳಿ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೂ ಇದು ನಡೆಯುತ್ತದೆ. ಕನ್ನಡಕ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಆದರೆ ಬಣ್ಣ ಗುರುತಿಸಲಾಗದ ಕಣ್ಣಾದರೆ ಕಷ್ಟ. ಎರಡನೆಯದು ಬರಹದ ಪರೀಕ್ಷೆಗಳ ಸಿದ್ಧತೆ. ಮೂರನೆಯದು ಶಾಲೆಯ ಆಯ್ಕೆ. 2021ರ ನಂತರ ಬೆಳಗಾವಿ, ಕಲಬುರಗಿ, ಸೇಲಂನಂಥ ನಿಲ್ದಾಣಗಳಲ್ಲೂ ತರಬೇತಿ ಶಾಲೆಗಳಿಗೆ ಜಾಗ ಕೊಡಲಾಯಿತು. ಹಣ ಕಟ್ಟುವ ಮುನ್ನ ಅಲ್ಲಿಗೆ ಹೋಗಿ ನೋಡಿ. ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಶಿಕ್ಷಕರು ಎಷ್ಟು, ಕಳೆದ ವರ್ಷ ಸೇರಿದವರು ಎಷ್ಟು ಗಂಟೆ ಮುಗಿಸಿದ್ದಾರೆ ಎಂದು ಹುಡುಗರನ್ನೇ ಕೇಳಿ. ಸರ್ಕಾರಗಳ ನೆರವು ಸಾಮಾನ್ಯವಾಗಿ ಆಯಾ ರಾಜ್ಯದ ನಿವಾಸಿಗಳಿಗೆ. ಮಾತು ಕನ್ನಡವಾದರೂ ನಮ್ಮ ರೇಷನ್ ಕಾರ್ಡು ತಮಿಳುನಾಡಿನದು. ಅರ್ಜಿ ಹಾಕುವ ಮುನ್ನ ಯಾವ ಕಡೆಯ ಯೋಜನೆ ನಮಗೆ ಸಲ್ಲುತ್ತದೆಂದು ವಿಚಾರಿಸಿ. ಇಷ್ಟಾದ ಮೇಲೆ ಜಮೀನಿನ ಮಾತು.

ಒಂದು ಸಮಾಧಾನವೂ ಉಂಟು. ಸೋಲೋವರೆಗಿನ ಗಂಟೆಗಳು ಒಟ್ಟು 200ರ ಹತ್ತನೇ ಒಂದು ಪಾಲು ಮಾತ್ರ. ಹಾರುವುದು ತನಗೆ ಒಗ್ಗುತ್ತದಾ ಇಲ್ಲವಾ ಎಂದು ಮಗುವಿಗೂ ಮೇಷ್ಟ್ರಿಗೂ ಅಷ್ಟರಲ್ಲಿ ಬಹಳ ಮಟ್ಟಿಗೆ ತಿಳಿಯುತ್ತದೆ. ಪೂರ್ತಿ ಶುಲ್ಕವನ್ನು ಒಂದೇ ಸಲ ಕಟ್ಟದೆ ಕಂತಿನಲ್ಲಿ ಕಟ್ಟುವ ಅವಕಾಶ ಇದ್ದರೆ ಅದನ್ನೇ ಕೇಳಿ. ಒಗ್ಗದಿದ್ದರೆ ಹಿಂದೆ ಬರುವುದರಲ್ಲಿ ಅವಮಾನವಿಲ್ಲ. ಅದೂ ಒಂದು ಗೋ ಅರೌಂಡ್ ತಾನೇ?

ಮುಂದಿನ ಸಲ ತಲೆಯ ಮೇಲೆ ಸಣ್ಣ ವಿಮಾನ ಹೋದಾಗ ಕೈ ಬೀಸಿ. ಒಳಗಿರುವವರಿಗೆ ಕಾಣದಿರಬಹುದು. ಯಾರಿಗೆ ಗೊತ್ತು, ಅವತ್ತು ಅವರ ಪಕ್ಕದ ಸೀಟು ಖಾಲಿ ಇರಬಹುದು.